ವಿಭೂತಿಗೆ ಹೆಸರು ತಂದ ಹಸಿರು ಹಾವು

ಶಹಾಪುರದ ಖಡೇಬಝಾರಿನಲ್ಲಿ ಒಂದು ಸೀರೆ ಅಂಗಡಿಯಿದೆ. ಅಲ್ಲಿ ಕಲ್ಲಯ್ಯ ಎಂಬವರೊಬ್ಬರು ಕೆಲಸಕ್ಕಿದ್ದಾರೆ ಎಂದು ಹೇಳಿ ನೋಡಿ. ಮಗಳ ಮದುವೆಗೂ ಸೊಸೆಯ ಸೀಮಂತದ ಕುಬಸಕ್ಕೂ ಅದೇ ಅಂಗಡಿಯಲ್ಲಿ ಸೀರೆ ಕೊಂಡ ಹೆಣ್ಣುಮಕ್ಕಳು ಕೂಡ ‘ಹೌದಾ? ಯಾರವರು?’ ಎಂದು ಕೇಳುತ್ತಾರೆ. ಇದರಲ್ಲಿ ಅವರ ತಪ್ಪೇನೂ ಇಲ್ಲ. ಸೀರೆ ಬಿಚ್ಚಿ ಹಾಸಿದಾಗ ಸೀರೆ ನೋಡುತ್ತಾರೆಯೇ ಹೊರತು ಹಾಸಿದವನ ಮುಖವನ್ನು ಯಾರೂ ನೋಡುವುದಿಲ್ಲ. ಕಲ್ಲಯ್ಯ ತಮ್ಮ ಅರ್ಧ ಆಯುಷ್ಯವನ್ನು ಹೀಗೆ ಸೀರೆಗಳ ಹಿಂದೆ ನಿಂತು ಕಳೆದಿದ್ದರು.

ಅಲ್ಲೇ ಪಕ್ಕದ ವಡಗಾವಿಯ ಅವರ ಓಣಿಯಲ್ಲೂ ಪರಿಸ್ಥಿತಿ ಇದೇ. ಹುಟ್ಟಿನಿಂದ ಅವರು ಜಂಗಮರು, ಓಣಿಯವರು ‘ಅಯ್ಯನೋರ’ ಎಂದು ಕರೆಯುತ್ತಲೂ ಇದ್ದರು. ಆದರೆ ಮನೆಯಲ್ಲಿ ಪೂಜೆಯಿದ್ದರೆ ಪಕ್ಕದ ಓಣಿಯಿಂದ ಬೇರೆ ಅಯ್ಯನವರನ್ನು ಕರೆತರುತ್ತಿದ್ದರು. ಕಲ್ಲಯ್ಯನವರ ಮಂತ್ರ ದೇವರಿಗೆ ಕೇಳುತ್ತಿತ್ತೇನೋ, ಎದುರಿಗೆ ಕುಳಿತವರಿಗಂತೂ ಕೇಳುತ್ತಿರಲಿಲ್ಲ. ಎದುರುಮನೆಯ ನಿವೃತ್ತ ತಹಶೀಲ್ದಾರ ಭರಮಪ್ಪನವರು ಇಷ್ಟು ವರ್ಷಗಳಲ್ಲಿ ಇವರ ನಮಸ್ಕಾರಕ್ಕೆ ಒಮ್ಮೆಯೂ ತಲೆ ಅಲ್ಲಾಡಿಸಿದವರಲ್ಲ. ಹೆಂಡತಿಯ ತವರಿನಲ್ಲಿ ಅಳಿಯನಿಗೆ ಕೊಡುತ್ತಿದ್ದ ಆಸನವೆಂದರೆ ಭತ್ತದ ಚೀಲ. ಬದುಕಿನಲ್ಲಿ ಒಮ್ಮೆಯಾದರೂ ಯಾರಾದರೂ ‘ಬರ್ರಿ, ಕುಂದರ್ರಿ’ ಎಂದು ಕುರ್ಚಿ ಎಳೆದುಕೊಡಲಿ ಎಂಬುದಷ್ಟೇ ಕಲ್ಲಯ್ಯನವರ ಆಸೆ. ಇದು ಅತಿಯಾಸೆಯೆಂದು ನಾನು ಹೇಳಲಾರೆ. ಇಷ್ಟು ಸಣ್ಣ ಆಸೆ ಒಬ್ಬಳ ಬಲಗೈಯವರೆಗೆ ಹೋಗಿ ಮುಟ್ಟೀತೆಂದು ಯಾರಿಗೆ ಗೊತ್ತಿತ್ತು?

ಆ ವರ್ಷ ಮಳೆ ಹಿಡಿದ ಹೊಸತು. ಹೆಂಡತಿ ಕಾಂತಾ ಮತ್ತು ಮಗಳು ನೇತ್ರಾಳೊಂದಿಗೆ ಕಲ್ಲಯ್ಯ ಖಾನಾಪುರ ತಾಲೂಕಿನ ಹಲಸಿಗೆ, ಮಾವನ ಮನೆಗೆ ಹೋಗಿದ್ದರು. ಮಧ್ಯಾಹ್ನದ ಊಟವಾದ ಮೇಲೆ ಹಿತ್ತಲಿಗೆ ಹೋದರು. ಕನ್ನಡಕ ಪಡಸಾಲೆಯಲ್ಲೇ ಉಳಿದಿತ್ತು. ಬೇಲಿಯ ಮೇಲೆ ಹಬ್ಬಿದ ಅವರೆ ಬಳ್ಳಿಯೊಂದು ದಾರಿಗೆ ಜೋತುಬಿದ್ದದ್ದು ಮಸುಕಾಗಿ ಕಂಡಿತು. ಸುಮ್ಮನೆ ಹೋಗುವ ಬದಲು ಅದನ್ನು ಎತ್ತಿ ಬೇಲಿಗೆ ಸಿಕ್ಕಿಸೋಣವೆಂದು ಕೈಯಲ್ಲಿ ಹಿಡಿದರು.

“ಅಯ್ಯನೋರ! ಬಿಡ್ರಿ ಅದನ್ನ! ನಿಮ್ಮ ಕಾಲಿಗೆ ಬೀಳ್ತೇನಿ, ಬಿಡ್ರಿ!” ಎಂದು ಸಿದ್ದಕ್ಕ ಚೀರಿದಳು. ಮಾವನವರ ಹೊಲ ನೋಡಿಕೊಳ್ಳುವ ಬೀರಣ್ಣನ ಹೆಂಡತಿ ಅವಳು. ಕಾಂತಾಳನ್ನು ಎತ್ತಿ ಆಡಿಸಿ ಬೆಳೆಸಿದವಳು. ಆ ಮನೆಯಲ್ಲಿ ಅವಳ ಮಾತಿಗೆ ತೂಕವಿತ್ತು.

“ಒಂದು ಬಳ್ಳಿ ಮುಟ್ಟಿದ್ರ ಏನಾತು ಸಿದ್ದಕ್ಕಾ?” ಎಂದು ಕಲ್ಲಯ್ಯ ಸ್ವಲ್ಪ ಬೇಸರದಿಂದಲೇ ಕೇಳಿದರು.

ಅಷ್ಟರಲ್ಲಿ ಬಳ್ಳಿ ತಲೆಯೆತ್ತಿ ಅವರ ಮುಖ ನೋಡಿತು.

ಆಮೇಲೆ ನಡೆದದ್ದನ್ನು ಧೈರ್ಯ ಎಂದು ಕರೆಯಬಹುದೋ ಬಾರದೋ ನೀವೇ ಹೇಳಿ. ಕಲ್ಲಯ್ಯ ಕೈ ಬಿಡಬೇಕೆಂದುಕೊಂಡರು, ಬೆರಳು ಮಾತು ಕೇಳಲಿಲ್ಲ. ಓಡಬೇಕೆಂದರು, ಕಾಲುಗಳಿಗೆ ಸುದ್ದಿಯೇ ಮುಟ್ಟಿರಲಿಲ್ಲ. ಹಾಗಾಗಿ ಕಣ್ಣು ಮಿಟುಕಿಸದೆ, ಒಂದಿಷ್ಟೂ ಅಲುಗದೆ, ಹಸಿರು ಹಾವನ್ನು ಹಿಡಿದು ನಿಂತುಬಿಟ್ಟರು. ಬಿಗಿಯಾಗಿ ಹಿಡಿಯದ ಕೈ ಅದು. ರೇಷ್ಮೆ ಸೀರೆಯ ನೆರಿಗೆ ಕೆಡದಂತೆ ಎತ್ತಿ ಎತ್ತಿ ಪಳಗಿದ್ದು. ಹಾವಿಗೂ ಅದು ಹಿತವೆನಿಸಿರಬೇಕು, ಮಣಿಕಟ್ಟಿಗೆ ಸುತ್ತಿಕೊಂಡು ಆರಾಮಾಗಿ ಕುಳಿತಿತು. ಕೂಗು ಕೇಳಿ ಓಡಿಬಂದ ಮನೆಮಂದಿಗೆ ಕಂಡದ್ದು ಇಷ್ಟು: ಅಳಿಯಂದಿರು ಕೈಯಲ್ಲಿ ಹಾವು ಹಿಡಿದು ಕಲ್ಲುಗಂಬದ ಹಾಗೆ ನಿಂತಿದ್ದಾರೆ.

ಮಾವನವರು ಒಳಗೆ ಹೋಗಿ ತಾವು ಕೂರುವ ಬೆತ್ತದ ಕುರ್ಚಿಯನ್ನು ತಾವೇ ಹೊತ್ತು ತಂದರು.

“ಅಳಿಯಂದ್ರ, ಬರ್ರಿ,” ಎಂದರು. “ಕುಂದರ್ರಿ.”

ಕಲ್ಲಯ್ಯ ಹಾವಿನ ಸಮೇತ ಕುಳಿತರು. ಅಂಥ ಕುರ್ಚಿ ಕೊಡಿಸಿದ ಜೀವವನ್ನು ಅಲ್ಲೇ ಬಿಟ್ಟುಬರಲು ಯಾರಿಗೆ ಮನಸ್ಸಾದೀತು? ಸಂಜೆ ಖಾನಾಪುರದ ಬಸ್ಸಿನಲ್ಲಿ ಮುಚ್ಚಿದ ಬುಟ್ಟಿಯೊಂದು ಅವರ ತೊಡೆಯ ಮೇಲಿತ್ತು. ಕಾಂತಾ ಆ ಸೀಟಿನಿಂದ ಆದಷ್ಟು ದೂರ, ಡ್ರೈವರನ ಹಿಂದೆ ಹೋಗಿ ಕುಳಿತಿದ್ದಳು.

ಮನೆಗೆ ಬಂದ ಮೇಲೆ ನೇತ್ರಾ ಹಾವನ್ನು ಕೂಲಂಕಷವಾಗಿ ನೋಡಿದಳು. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದುತ್ತಿದ್ದ ಹುಡುಗಿ. “ಅಪ್ಪಾ, ಇದಕ್ಕ ವಿಷದ ಹಲ್ಲು ಬಾಯಿ ಮುಂದ ಇರೂದಿಲ್ಲ, ಹಿಂದ ಇರ್ತಾವ. ಹಿಡದು ಜಗದ್ರಷ್ಟ ವಿಷ ಇಳೀತೈತಿ. ಹಲ್ಲಿ, ಓತಿಕ್ಯಾತಕ್ಕ ಅದು ಸಾಕು. ಮನಷ್ಯಾಗ ಒಂಚೂರು ಬಾವು ಬರತೈತಿ, ಮುಗೀತು. ಆದ್ರ ಇದನ್ನ ಮನ್ಯಾಗ ಇಟ್ಕೊಳ್ಳೂದು ಕಾಯ್ದೇ ಪ್ರಕಾರ ಗುನ್ಹೆ. ಬಿಟ್ಟ ಬರ್ರಿ.”

“ನಾಕ ದಿನ ಇರ್ಲಿ ಬಿಡವಾ,” ಎಂದರು ಕಲ್ಲಯ್ಯ.

“ಈ ಮನ್ಯಾಗ ನಾ ಇರಬೇಕು, ಇಲ್ಲಾ ಹಾವು ಇರಬೇಕು,” ಎಂದಳು ಕಾಂತಾ. ಕಲ್ಲಯ್ಯ ಸ್ವಲ್ಪ ವಿಚಾರ ಮಾಡಿದರು. ಆ ವಿಚಾರ ಮಾಡಿದ್ದನ್ನು ಕಾಂತಾ ಇವತ್ತಿಗೂ ಕ್ಷಮಿಸಿಲ್ಲ.

ಅಂಗಡಿಯಲ್ಲಿ ಮೂಲೆ ಹಿಡಿದಿದ್ದ ಹಳೆಯ ಗಾಜಿನ ಕಪಾಟು ಮನೆಗೆ ಬಂತು. ಹಸಿರು ಮೈಗೆ ಎರಡೂ ಬದಿ ತೆಳು ಹಳದಿ ಗೆರೆಯಿದ್ದ ಆ ಹಾವು ಸೀರೆಯವರ ಕಣ್ಣಿಗೆ ಬೇರೇನಾಗಿ ಕಂಡೀತು? ಜರಿಯಂಚಿನ ರೇಷ್ಮೆ ಸೀರೆಯ ಹೆಸರನ್ನೇ ಹಿಡಿದು ‘ಪೈಠಣಿ’ ಎಂದು ಹೆಸರಿಟ್ಟರು. ಪೈಠಣಿಗೆ ಹಲ್ಲಿ ಬೇಕಲ್ಲ, ಕಲ್ಲಯ್ಯ ಕಸಬರಿಗೆ ಹಿಡಿದು ಓಣಿಯ ಮನೆಮನೆಗೆ ಹಲ್ಲಿ ಬೇಟೆಗೆ ಹೊರಟರು. ಹಲ್ಲಿಗೆ ಹೆದರುವ ಹೆಂಗಸರು ಎಲ್ಲ ಮನೆಗಳಲ್ಲೂ ಇದ್ದರು. ಅವರಿಗೆ ಹಲ್ಲಿ ಹೋದರೆ ಸಾಕು, ಇವರಿಗೆ ಹಲ್ಲಿ ಸಿಕ್ಕರೆ ಸಾಕು. ಇಷ್ಟು ದಿನ ಅವರ ಹೆಸರೂ ಗೊತ್ತಿಲ್ಲದ ಮನೆಗಳಲ್ಲಿ ಚಹಾ ಸಿಗತೊಡಗಿತು. “ಅಯ್ಯನೋರು ಹಾವು ಸಾಕ್ಯಾರಂತ” ಎಂಬ ಮಾತು ಆಚೆಯ ಬಡಾವಣೆ ಖಾಸಬಾಗದವರೆಗೂ ಹೋಯಿತು.

ಒಂದು ಭಾನುವಾರ ಓಣಿಯ ಗಣೇಶ ಮಂಡಳದ ಮುಂದಾಳು ಸುಜಯ ತನ್ನ ಗೆಳೆಯರ ಹಿಂಡನ್ನು ಕಟ್ಟಿಕೊಂಡು ಹಾವು ನೋಡಲು ಬಂದ. ಗದ್ದಲ ಕೇಳಿ ಭರಮಪ್ಪನವರೂ ರಸ್ತೆ ದಾಟಿ ಬಂದರು. ಅವರು ಬಂದದ್ದೇ ಕಲ್ಲಯ್ಯನವರಿಗೆ ಸ್ವಲ್ಪ ತಲೆಗೇರಿತು. ಹಲ್ಲಿಯನ್ನು ಇಕ್ಕಳದಲ್ಲಿ ಹಿಡಿದು ಕೊಡುವುದು ರೂಢಿ. ಅವತ್ತು ಇಕ್ಕಳ ಬದಿಗಿಟ್ಟು ಬರಿಗೈ ಹಾಕಿದರು. ಪೈಠಣಿ ಹಲ್ಲಿಯನ್ನು ಬಿಟ್ಟು ಅವರ ಹೆಬ್ಬೆರಳನ್ನು ಹಿಡಿದು, ನಿಧಾನವಾಗಿ, ಎಲೆ ಅಡಿಕೆ ಜಗಿದ ಹಾಗೆ ಜಗಿಯತೊಡಗಿತು.

“ಸತ್ರು! ಅಯ್ಯನೋರು ಸತ್ರು!” ಎಂದ ಸುಜಯ. “ಅದು ಹಾರಿ ಕಣ್ಣ ಕುಕ್ಕೂ ಹಾವರೀ! ಭಾಳ ಕೆಟ್ಟ ವಿಷ!”

“ಗಾಡಿ ತರ್ರಿ! ದವಾಖಾನಿಗೆ!” ಎಂದು ಭರಮಪ್ಪನವರು ಯಾರಿಗೋ ಆಜ್ಞೆ ಮಾಡಿದರು. ಯಾರೂ ಹೋಗಲಿಲ್ಲ, ಎಲ್ಲರಿಗೂ ನೋಡುವುದಿತ್ತು.

ಕಲ್ಲಯ್ಯನವರಿಗೆ ಗೊತ್ತಿತ್ತು: ಸ್ವಲ್ಪ ಬಾವು, ಅಷ್ಟೇ. ಹೆದರಿಕೆಯ ಜಾಗದಲ್ಲಿ ಅವರಿಗೆ ಒಂದು ಬಗೆಯ ಗತ್ತು ಬಂದುಬಿಟ್ಟಿತು. ಹಾವನ್ನು ಮೆಲ್ಲಗೆ ಬಿಡಿಸಿ ಕಪಾಟಿಗೆ ಬಿಟ್ಟರು. ದೇವರ ಜಗಲಿಯಿಂದ ವಿಭೂತಿ ಗಟ್ಟಿ ತಂದು, ರಕ್ತ ಒಸರುತ್ತಿದ್ದ ಬೆರಳಿಗೆ ಹಚ್ಚಿ, ಕಣ್ಣು ಮುಚ್ಚಿ ಕುಳಿತರು. ಸ್ವಲ್ಪ ಹೊತ್ತಿನ ಮೇಲೆ ಕಣ್ಣು ತೆರೆದು, “ಏನೂ ಆಗೂದಿಲ್ಲ, ಚಹಾ ಕುಡೀರಿ,” ಎಂದರು.

ಏನೂ ಆಗಲಿಲ್ಲ. ಆಗುವಂಥದ್ದೇನೂ ಇರಲಿಲ್ಲ. ಅದನ್ನೇ ಹೇಳಲು ಕಲ್ಲಯ್ಯ ಬಾಯಿ ತೆರೆದರು. ನಿಜವಾಗಿಯೂ ತೆರೆದರು, ಇದಕ್ಕೆ ಬಾಗಿಲಲ್ಲಿ ನಿಂತಿದ್ದ ನೇತ್ರಾ ಸಾಕ್ಷಿ. ಅದೇ ಗಳಿಗೆಯಲ್ಲಿ ತಹಶೀಲ್ದಾರ ಭರಮಪ್ಪನವರು ಎರಡೂ ಕೈ ಜೋಡಿಸಿ, “ಅಯ್ಯನೋರ, ಇಷ್ಟ ದಿನ ನಿಮ್ಮನ್ನ ಗುರ್ತ ಹಿಡೀಲಿಲ್ಲ. ತಪ್ಪಾತು,” ಎಂದರು.

ಕಲ್ಲಯ್ಯ ಬಾಯಿ ಮುಚ್ಚಿದರು. ಮರುದಿನ ಊದಿದ ಹೆಬ್ಬೆರಳಿನೊಂದಿಗೆ ಅಂಗಡಿಗೂ ಹೋದರು. ಅದು ಜನರ ನಂಬಿಕೆಗೆ ಮುದ್ರೆಯೊತ್ತಿತು.

ಆ ವಾರವೇ ಓಣಿಯ ತುದಿಯಲ್ಲಿ ಬ್ಯಾನರ್ ಎದ್ದಿತು. ಸುಜಯನ ಮುಖ ದೊಡ್ಡದು, ಮಂಡಳದ ಹುಡುಗರ ಮುಖಗಳು ಅದರ ಸುತ್ತ, ಕೆಳಗೆ ಮೂಲೆಯಲ್ಲಿ ಪಾಸ್‌ಪೋರ್ಟ್ ಫೋಟೋದ ಅಳತೆಯಲ್ಲಿ ‘ವಿಷಹರ ಸಿದ್ಧಪುರುಷ ಶ್ರೀ ಕಲ್ಲಯ್ಯನವರು’. ಜನ ಬರತೊಡಗಿದರು. ಚೇಳು ಕಡಿದವರು ಬಂದರು, ಕಾಮಾಲೆಯವರು ಬಂದರು, ಹಾಲು ಕೊಡದ ಎಮ್ಮೆಯ ಫೋಟೋವನ್ನು ಮೊಬೈಲಿನಲ್ಲಿ ಹಿಡಿದುಕೊಂಡು ಒಬ್ಬ ಬಂದ. ಕಲ್ಲಯ್ಯ ಮೊಬೈಲಿನ ಗಾಜಿಗೆ ವಿಭೂತಿ ಹಚ್ಚಿ ಕಳಿಸಿದರು. ಅಂಗಡಿಯ ಮಾಲೀಕರು ಅವರನ್ನು ಫ್ಯಾನಿನ ಕೆಳಗೆ ಕುರ್ಚಿ ಹಾಕಿ ಕೂರಿಸಿದರು. ಮದುವೆ ಸೀರೆಯನ್ನು ಅಯ್ಯನವರ ಕೈಯಲ್ಲಿ ಮುಟ್ಟಿಸಿಕೊಂಡೇ ಒಯ್ಯುವುದೆಂದು ಗಿರಾಕಿಗಳು ಹಟ ಹಿಡಿದರು. ಸುದ್ದಿ ಹಲಸಿಗೂ ಹೋಯಿತು. ಮುಟ್ಟಿಸಿದವಳು ಕಾಂತಾಳ ತಾಯಿ, ಊರೆಲ್ಲ ಹಬ್ಬಿಸಿದವನು ಬೀರಣ್ಣ. ‘ನಮ್ಮ ಹಿತ್ತಲದಾಗ ಹಿಡದದ್ದು, ನಾ ಅಲ್ಲೇ ಇದ್ದೆ’ ಎಂಬುದು ಅವನ ಹೆಮ್ಮೆ.

“ಹೇಳಿಬಿಡ್ರಿ ಅಪ್ಪಾ,” ಎಂದು ನೇತ್ರಾ ಒಂದೇ ಸಮ ಕಾಡಿದಳು. “ನಾಳೆ ಖರೇನ ವಿಷದ ಹಾವು ಕಡದವರು ಬಂದ್ರ ಏನ ಮಾಡ್ತೀರಿ?”

“ಯಾರ ಬರ್ತಾರವಾ? ದವಾಖಾನಿ ಬಿಟ್ಟು ನನ್ನ ಹಂತೇಲಿ ಯಾಕ ಬರ್ತಾರ?”

ಎಮ್ಮೆಯ ಫೋಟೋ ತಂದವನು ಹೋಗಿ ಇನ್ನೂ ಗಂಟೆಯಾಗಿರಲಿಲ್ಲ.

ಬ್ಯಾನರ್ ಅರಣ್ಯ ಇಲಾಖೆಯವರ ಕಣ್ಣಿಗೂ ಬಿತ್ತು. ಒಬ್ಬ ಗಾರ್ಡ್ ಜೀಪಿನಲ್ಲಿ ಬಂದು ಮರ್ಯಾದೆಯಿಂದಲೇ ಹೇಳಿದ: “ಅಯ್ಯನೋರ, ಅಡವಿ ಹಾವು ಮನ್ಯಾಗ ಇಡೂದು ಕಾಯ್ದೇಕ್ಕ ವಿರುದ್ಧ ಐತ್ರೀ. ಕೊಡ್ರಿ, ಖಾನಾಪುರದ ಅಡವ್ಯಾಗ ಬಿಡ್ತೇವಿ.” ಸುತ್ತ ಸೇರಿದ ಜನರಿಗೆ ಧೈರ್ಯವನ್ನೂ ಹೇಳಿದ: “ಇದಕ್ಕ ಅಂಜಬ್ಯಾಡ್ರಿ. ಇದರ ವಿಷ ಹಲ್ಲಿಗೆ ಸಾಲತೈತಿ, ಮನಷ್ಯಾಗಲ್ಲ.”

ಓಣಿಗೆ ಓಣಿಯೇ ಕೆರಳಿತು. “ಈಗ ಆಗೇತ್ರೀ ಹಂಗ!” ಎಂದ ಸುಜಯ. “ಅಯ್ಯನೋರ ಕೈಯಾಗ ಇದ್ದೂ ಇದ್ದೂ ವಿಷ ಇಳದೈತಿ!”

“ನಾ ಸರ್ವೀಸಿನ್ಯಾಗ ಇದ್ದಾಗ ಇಂಥಾದ್ದ ಹಾವು ಕಡದು ಜೋಡೆತ್ತು ಸತ್ತಿದ್ದವು,” ಎಂದರು ಭರಮಪ್ಪನವರು. “ಪಂಚನಾಮೆಕ್ಕ ಸಹಿ ನಂದ ಐತಿ. ನನಗ ಹೇಳಾಕ ಬರಬ್ಯಾಡ.”

ಗಾರ್ಡ್ ಕಲ್ಲಯ್ಯನವರ ಕಡೆ ತಿರುಗಿದ. “ನೀವ ಹೇಳಬೇಕು ಅಯ್ಯನೋರ.”

ಇನ್ನೊಂದು ಸಲ ಸತ್ಯ ಬಾಗಿಲಿಗೆ ಬಂದು ನಿಂತಿತ್ತು. ಕಲ್ಲಯ್ಯ ಜನರನ್ನು ನೋಡಿದರು. ಎಲ್ಲರೂ ತಮ್ಮ ಮುಖವನ್ನೇ ನೋಡುತ್ತಿದ್ದಾರೆ. ಸೀರೆಯನ್ನಲ್ಲ, ಮುಖವನ್ನು. “ಎಲ್ಲಾ ಅವನ ಇಚ್ಛಾ,” ಎಂದು ಮೇಲೆ ಕೈ ತೋರಿಸಿದರು. ಸುಳ್ಳು ಹೇಳಲಿಲ್ಲ ಎಂಬ ಸಮಾಧಾನ ಅವರಿಗೆ ಸಿಕ್ಕಿತು, ಬೇಕಾದ ಅರ್ಥ ಜನರಿಗೆ ಸಿಕ್ಕಿತು. ಗಾರ್ಡ್ ಪೈಠಣಿಯನ್ನು ಚೀಲಕ್ಕೆ ಹಾಕಿಕೊಂಡು ಜೀಪು ಹತ್ತಿದ. ಹತ್ತಿದವನು ಮತ್ತೆ ಇಳಿದು ಬಂದು, ತಗ್ಗಿದ ದನಿಯಲ್ಲಿ, “ಒಂದ ಚಿಟಿಗಿ ವಿಭೂತಿ ಕೊಡ್ರಿ. ನಮ್ಮ ಅವ್ವಗ ಮೊಣಕಾಲ ನೋವು,” ಎಂದ.

ಖಾಲಿ ಕಪಾಟಿನ ಮುಂದೆ ಕಲ್ಲಯ್ಯ ಬಹಳ ಹೊತ್ತು ಕುಳಿತಿದ್ದರು. ತಮಗೆ ಬಂದ ಮಾನ ಮರ್ಯಾದೆಯೆಲ್ಲ ಆ ಬಡಜೀವಕ್ಕೆ ಸೇರಬೇಕಾದದ್ದು ಎಂದು ಅವರಿಗನ್ನಿಸಿ ಕಣ್ಣು ಒದ್ದೆಯಾದವು. ಆದರೆ ಹೊರಗೆ ಯಾರೋ “ಅಯ್ಯನೋರ ಅದಾರೇನ್ರೀ?” ಎಂದು ಕೂಗಿದರು. ಕಣ್ಣೊರೆಸಿಕೊಂಡು ಎದ್ದು ಹೋದರು.

ಮಳೆ ಇನ್ನೂ ಜೋರಾಗಿದ್ದ ದಿನಗಳಲ್ಲಿ, ಒಂದು ಸಂಜೆ, ಓಣಿಯೊಳಗೆ ಒಂದು ಟೆಂಪೋ ಹಾರ್ನ್ ಬಾರಿಸುತ್ತ ನುಗ್ಗಿತು. ಹಿಂದೆ ಗೋಣಿತಾಟಿನ ಮೇಲೆ ಸಿದ್ದಕ್ಕ ಮಲಗಿದ್ದಳು. ಬಲಗೈ ಮೊಣಕೈಯವರೆಗೆ ಊದಿ ಕಪ್ಪಾಗಿತ್ತು. ಪಕ್ಕದಲ್ಲಿದ್ದ ಬೀರಣ್ಣ ಜಿಗಿದು ಇಳಿದ.

“ಹುಲ್ಲ ಕೊಯ್ಯೂಮುಂದ ಕೊಳಕಮಂಡಲ ಕಡದೈತ್ರೀ ಅಯ್ಯನೋರ. ಅಲ್ಲಿಂದ ಸೀದಾ ಬಂದೇವಿ. ಖಾನಾಪುರದಾಗ ದವಾಖಾನಿ ಮುಂದ ಡ್ರೈವರ್ ನಿಲ್ಲಸ್ತೇನಿ ಅಂದ, ನಾ ನಿಲ್ಲಸಗೊಡಲಿಲ್ಲ. ನಮ್ಮ ಅಯ್ಯನೋರು ಇರೂಮುಂದ ದವಾಖಾನಿ ಯಾಕ ಅಂದೆ!”

ಅದನ್ನು ಅವನು ಬಲು ಅಭಿಮಾನದಿಂದ ಕಲ್ಲಯ್ಯನವರಿಗೆ ಹೇಳಿದ. ಖಾನಾಪುರ ಯಾವಾಗಲೋ ಹಿಂದೆ ಉಳಿದಿತ್ತು. ನಂದಗಡ ದಾಟಿ, ಖಾನಾಪುರ ದಾಟಿ, ಆ ಕೈ ಇಷ್ಟು ದೂರ ಬಂದದ್ದು ತಮ್ಮ ಒಂದು ಚಿಟಿಕೆ ಬೂದಿಗಾಗಿ.

“ದವಾಖಾನಿಗೆ ನಡೀರಿ!” ಎಂದು ಕೂಗಿದರು. ಅವರಲ್ಲಿ ಅಂಥ ದನಿಯಿದೆಯೆಂದು ಕಾಂತಾಳಿಗೂ ಗೊತ್ತಿರಲಿಲ್ಲ. “ಗಾಡಿ ತಿರುಗಸ್ರಿ! ಈಗಿಂದೀಗ!”

ಗಾಡಿ ತಿರುಗಲು ಜಾಗವಿರಲಿಲ್ಲ. ಓಣಿಯ ಜನವೆಲ್ಲ ಸುತ್ತ ನೆರೆದಿದ್ದರು.

“ಮೊದಲ ವಿಭೂತಿ ಹಚ್ಚರೀ!” ಎಂದಿತು ಒಂದು ದನಿ.

“ನನ್ನ ವಿಭೂತ್ಯಾಗ ಏನೂ ಇಲ್ಲ! ಆ ಹಾವಿಗೆ ವಿಷಾನ ಇರಲಿಲ್ಲ! ಸುಳ್ಳದು! ದಾರಿ ಬಿಡ್ರಿ!”

“ಪರೀಕ್ಷಾ ಮಾಡಾಕತ್ತಾರ,” ಎಂದು ಸುಜಯ ಪಕ್ಕದವನಿಗೆ ಹೇಳಿದ. “ಭಕ್ತಿ ಗಟ್ಟಿ ಐತಿಲ್ಲೋ ನೋಡತಾರ. ಯಾರೂ ಸರೀಬ್ಯಾಡ್ರಿ!”

ಬೀರಣ್ಣ ರಸ್ತೆಯ ಮೇಲೇ ಅವರ ಕಾಲು ಗಟ್ಟಿಯಾಗಿ ಹಿಡಿದುಕೊಂಡ. “ನಂದೇನ ತಪ್ಪಾಗೇತಿ ಅಯ್ಯನೋರ? ಯಾಕ ಸಿಟ್ಟಾಗೀರಿ? ಹಚ್ಚರೀ!” ಭರಮಪ್ಪನವರು ಟೆಂಪೋದ ಮುಂದೆ ನಿಂತು ಎರಡೂ ಕೈ ಚಾಚಿ, “ಹಚ್ಚೂತನಕ ಗಾಡಿ ಬಿಡೂದಿಲ್ಲ,” ಎಂದು ಹುಕುಂ ಹೊರಡಿಸಿದರು. ಸಿದ್ದಕ್ಕ ನರಳುತ್ತಿದ್ದಳು.

“ಹಚ್ಚರಿ ಅಪ್ಪಾ!” ಎಂದು ನೇತ್ರಾ ಅಳುತ್ತ ಕಿರುಚಿದಳು. “ಹಚ್ಚಿಬಿಡ್ರಿ, ದಾರಿ ಬಿಡ್ತಾರ!”

ಕಲ್ಲಯ್ಯ ಒಳಗೆ ಓಡಿದರು. ಗಟ್ಟಿ ತಂದು ಸಿದ್ದಕ್ಕನ ಹಣೆಗೆ, ಊದಿದ ಕೈಗೆ ಬಳಿದರು. ‘ಹರ ಹರ’ ಎಂದು ಓಣಿ ಒಮ್ಮೆಲೇ ಕೂಗಿತು. ಬಾಗಿಲು ತೆರೆದ ಹಾಗೆ ಜನ ಎರಡು ಬದಿಗೆ ಸರಿದರು. ಸತ್ಯಕ್ಕೆ ಬಿಡದ ದಾರಿಯನ್ನು ಸುಳ್ಳಿಗೆ ಬಿಟ್ಟರು. ಟೆಂಪೋ ದವಾಖಾನೆಯ ಕಡೆ ಹೊರಟಿತು.

ಸಿದ್ದಕ್ಕ ಉಳಿದಳು. ಬಹಳ ದಿನ ಸೂಜಿ ಸಲಾಯಿನ್ ನಡೆಯಿತು. ಬಲಗೈಯ ಎರಡು ಬೆರಳು ಮಾತ್ರ ಕೊಳೆತು ತೆಗೆಯಬೇಕಾಯಿತು. ಡಾಕ್ಟರು ಕಲ್ಲಯ್ಯನವರನ್ನು ಸಂಬಂಧಿಕರೆಂದು ತಿಳಿದು ಪಡಸಾಲೆಯಲ್ಲಿ ತರಾಟೆಗೆ ತೆಗೆದುಕೊಂಡರು. “ಯಾರ್ರೀ ಅದು, ಖಾನಾಪುರದಾಗ ಇಳಸಬ್ಯಾಡ ಅಂದವರು? ಅಲ್ಲೇ ಸೂಜಿ ಆಗಿದ್ರ ಬೆರಳ ಉಳೀತಿದ್ದವು. ಜೀವಾ ಉಳದದ್ದ ಪುಣ್ಯಾ.” ಕಲ್ಲಯ್ಯನವರಿಗೆ ‘ನಾನು’ ಎನ್ನಬೇಕೆಂದಿತ್ತು, ಆದರೆ ಡಾಕ್ಟರು ಮುಂದಿನ ವಾರ್ಡಿಗೆ ಹೋಗಿಯಾಗಿತ್ತು.

ಊರಿನ ಲೆಕ್ಕವೇ ಬೇರೆ. ಕೊಳಕಮಂಡಲ ಕಡಿದವಳು ಬದುಕಿದ್ದಾಳೆ, ಹಣೆಗೆ ಅಯ್ಯನವರ ವಿಭೂತಿ ಬಿದ್ದಿತ್ತು. ಇನ್ನೇನು ಬೇಕು? ಮಂಡಳದ ಅಂಗಳದಲ್ಲಿ ಸುಜಯ ಪೆಂಡಾಲು ಹೊಡೆಸಿದ. ಕಲ್ಲಯ್ಯನವರ ತಲೆಗೆ ಕೇಸರಿ ಫೇಟಾ ಸುತ್ತಿದರು, ಶಾಲು ಹೊದಿಸಿದರು, ತೆಂಗಿನಕಾಯಿ ಕೈಗಿಟ್ಟರು. ಕಲ್ಲಯ್ಯ ಬಂದದ್ದೇ ಒಂದು ನಿರ್ಧಾರ ಮಾಡಿಕೊಂಡು. ಮೈಕು ಕಸಿದುಕೊಂಡರು.

“ನನ್ನ ಹಂತೇಲಿ ಯಾವ ಶಕ್ತೀನೂ ಇಲ್ಲ. ಆ ಹಾವು ಕಡದ್ರ ಯಾರೂ ಸಾಯೂದಿಲ್ಲ. ಅದು ಗೊತ್ತಿದ್ದೂ ನಾ ಸುಮ್ಮನಿದ್ದೆ. ನಿಮ್ಮ ನಮಸ್ಕಾರದ ಆಸೇಕ್ಕ ಸುಮ್ಮನಿದ್ದೆ. ಅದಕ್ಕ ಒಬ್ಬ ಬಡವಿ ಬೆರಳ ಹೋದ್ವು. ನಾ ಸುಳ್ಳ ಅದೇನಿ!”

ಕಣ್ಣೀರು ಹರಿಯಿತು. ಆಮೇಲೆ ಪೆಂಡಾಲು ಹಾರಿಹೋಗುವಂಥ ಚಪ್ಪಾಳೆ. ಅಧ್ಯಕ್ಷತೆ ವಹಿಸಿದ್ದ ಭರಮಪ್ಪನವರು ಕರವಸ್ತ್ರದಿಂದ ಕಣ್ಣೊರೆಸಿಕೊಂಡು, “ಇಷ್ಟ ದೊಡ್ಡ ಶಕ್ತಿ, ಅದಕ್ಕ ತಕ್ಕ ಇಂಥಾ ವಿನಯ! ನನ್ನ ಸರ್ವೀಸಿನ್ಯಾಗ ಎಲ್ಲೂ ನೋಡಲಿಲ್ಲ,” ಎಂದರು. ಮತ್ತೆ ಚಪ್ಪಾಳೆ. ಹೆಂಗಸರು ಕಾಲಿಗೆ ಬೀಳಲು ಸಾಲು ಹಿಡಿದರು.

ಮನೆಯಲ್ಲಿ ಕಾಂತಾ ಫೇಟಾ ಬಿಚ್ಚಿ ಮಡಿಚಿಟ್ಟಳು. ಕೊನೆಗೆ ಒಂದೇ ಮಾತು ಹೇಳಿದಳು. “ಖರೇ ಹೇಳಾಕೂ ಒಂದು ವ್ಯಾಳ್ಯಾ ಇರ್ತದರೀ. ಅದು ದಾಟಿ ಹೋತು.”

ದಾಟಿದ್ದರೂ ಬರುವವರು ನಿಲ್ಲಲಿಲ್ಲ. ನೇತ್ರಾ ಒಂದು ಹಲಗೆ ಬರೆದು ಬಾಗಿಲಿಗೆ ತೂಗುಹಾಕಿದಳು: ‘ಹಾವು ಕಡಿದವರು ದವಾಖಾನೆಯಲ್ಲಿ ಸೂಜಿ ಹಾಕಿಸಿಕೊಂಡು ಚೀಟಿ ತೋರಿಸಿದ ಮೇಲೆಯೇ ವಿಭೂತಿ. ಇದು ಅಯ್ಯನವರ ಕಟ್ಟಪ್ಪಣೆ.’ ಜನ ಇದನ್ನು ಮಾತ್ರ ಚಾಚೂತಪ್ಪದೆ ಪಾಲಿಸಿದರು. ಸೂಜಿಗೆ ಗುಣ ಬರಬೇಕಾದರೆ ಮುಂದೆ ಅಯ್ಯನವರ ವಿಭೂತಿ ಬೀಳಬೇಕಂತೆ ಎಂಬ ಹೊಸ ಸುದ್ದಿಯೂ ಹುಟ್ಟಿತು. ಕಲ್ಲಯ್ಯ ಅದನ್ನು ಅಲ್ಲಗಳೆಯಲು ಹೋಗಲಿಲ್ಲ. ಇನ್ನೊಬ್ಬರ ಬೆರಳು ಹೋಗುವುದಿಲ್ಲ, ಅಷ್ಟು ಸಾಕಾಗಿತ್ತು. ಆದರೆ ಹೋದ ಬೆರಳುಗಳ ಮಾತು ಹಾಗೇ ಉಳಿದಿತ್ತು. ಊಟ ರುಚಿಸಲಿಲ್ಲ. ಸೀರೆ ಮಡಿಸುವಾಗ ತಮ್ಮ ಹತ್ತು ಬೆರಳನ್ನು ನೋಡಿ ಸುಮ್ಮನೆ ನಿಂತುಬಿಡುತ್ತಿದ್ದರು. ಕಡೆಗೆ, ಊರು ನಂಬದಿದ್ದರೆ ಬೇಡ, ಕೇಳಬೇಕಾದವಳಾದರೂ ಕೇಳಲಿ ಎಂದು ಒಬ್ಬರೇ ಹಲಸಿಗೆ ಹೊರಟರು.

ಸಿದ್ದಕ್ಕ ಮನೆಯ ಮುಂದಿನ ಕಟ್ಟೆಯ ಮೇಲಿದ್ದಳು. ಎಡಗೈಯಲ್ಲಿ ರೊಟ್ಟಿ ಬಡಿಯುವುದನ್ನು ಕಲಿಯುತ್ತಿದ್ದಳಂತೆ. ಅಂಚು ಹರಿದ ಹಿಟ್ಟಿನ ಒಂದು ಬಿಲ್ಲೆ ಮುಂದಿತ್ತು. ಅಯ್ಯನವರನ್ನು ಕಂಡು ಗಡಬಡಿಸಿ ಬಲಗೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. “ಅಯ್ಯನೋರು ಬಂದ್ರು! ಹಾಲು ತರ್ತೇನಿ,” ಎಂದು ಬೀರಣ್ಣ ಹಿತ್ತಲಿಗೆ ಓಡಿದ. ಅವನು ಮರೆಯಾದದ್ದೇ ತಡ ಕಲ್ಲಯ್ಯ ಬಗ್ಗಿ ಅವಳ ಕಾಲು ಮುಟ್ಟಿದರು.

“ಶಿವನ! ಏನ ಮಾಡಾಕತ್ತೀರಿ! ನನಗ ಪಾಪಾ ಹತ್ತತೈತಿ, ಏಳ್ರಿ!”

“ಪಾಪಾ ನಂದು ಸಿದ್ದಕ್ಕಾ.” ಕಲ್ಲಯ್ಯ ಎಲ್ಲವನ್ನೂ ಹೇಳಿದರು. ಹಸಿರು ಹಾವಿನದು, ಭರಮಪ್ಪನವರ ನಮಸ್ಕಾರದ್ದು, ಗಾರ್ಡ್ ಕೇಳಿದಾಗ ಮೇಲೆ ಕೈ ತೋರಿಸಿದ್ದು. “ನನ್ನ ಬೂದಿಯಿಂದ ಏನೂ ಆಗಲಿಲ್ಲ. ನೀ ಬದುಕಿದ್ದು ಸೂಜಿಯಿಂದ. ಖಾನಾಪುರದಾಗ ಇಳದಿದ್ರ ನಿನ್ನ ಬೆರಳೂ ಉಳೀತಿದ್ದವು.”

“ಗೊತ್ತೈತ್ರೀ,” ಎಂದಳು ಸಿದ್ದಕ್ಕ.

ಕಲ್ಲಯ್ಯ ತಲೆಯೆತ್ತಿದರು.

“ನರ್ಸಬಾಯಿ ಹೇಳಿದ್ಲು. ಅವತ್ತ ನೀವು ಚೀರಿದ್ದೂ ಗಾಡ್ಯಾಗಿಂದ ಕೇಳೇನಿ. ನಂಬಿದಾಕಿ ನಾ ಒಬ್ಬಾಕಿ.” ಹಿತ್ತಲ ಕಡೆ ನೋಡಿ ದನಿ ಇಳಿಸಿದಳು. “ಇವ್ಗ ಗೊತ್ತಿಲ್ರೀ. ಗಾಡಿ ನಿಲ್ಲಸಬ್ಯಾಡ ಅಂದಾಂವ ಇಂವ. ತನ್ನ ಮಾತಿಲೇ ಹೇಣ್ತಿ ಬೆರಳ ಹೋದ್ವು ಅಂತ ಗೊತ್ತಾತಂದ್ರ ಇಂವ ಉಣ್ಣೂದಿಲ್ಲ, ಮಲಗೂದಿಲ್ಲ. ಈಗ ಊರ ತುಂಬ ಹೇಳ್ಕೊಂತ ಅಡ್ಡಾಡತಾನ, ಅಯ್ಯನೋರ ಕಡೆ ಒಯ್ದೆ, ನನ್ನ ಹೇಣ್ತಿ ಉಳದ್ಲು ಅಂತ. ಅಡ್ಡಾಡ್ಲಿ.”

“ಹಂಗಾದ್ರ ನಾ ಏನ ಮಾಡ್ಲಿ ಸಿದ್ದಕ್ಕಾ?”

“ನೀವು ಹಗರಾಗಾಕ ಬಂದೀರಿ ಅಯ್ಯನೋರ. ನಿಮ್ಮ ಪಾಪದ ಹೊರಿ ತಂದು ನಮ್ಮ ಮನ್ಯಾಗ ಇಳಸಬ್ಯಾಡ್ರಿ. ಹೊತ್ಕೊಂಡ ಹೋಗ್ರಿ.”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಕಲ್ಲಯ್ಯನವರಿಗೆ ಎಷ್ಟೋ ನೆಮ್ಮದಿಯಾಗುತ್ತಿತ್ತು.

ಬೀರಣ್ಣ ನೊರೆಹಾಲಿನ ತಂಬಿಗೆ ತಂದು ಮುಂದಿಟ್ಟು, ಉದ್ದಕ್ಕೆ ಅಡ್ಡಬಿದ್ದು, ಹಣೆಯೊಡ್ಡಿದ. ಕಲ್ಲಯ್ಯ ಜೇಬಿನಿಂದ ವಿಭೂತಿ ತೆಗೆದರು. ಹಚ್ಚಿದ ಮೂರು ಬೆರಳಿನ ಪಟ್ಟೆ ಸೊಟ್ಟಾಯಿತು. ಬೀರಣ್ಣ ಹಣೆ ಬಿಳುಪು ಮಾಡಿಕೊಂಡು ಎದ್ದು ಕುಳಿತ, ಮುಖದ ತುಂಬ ನಗು.

“ಏನಂತಿ ಸಿದ್ದಿ?” ಎಂದು ಹೆಂಡತಿಯನ್ನು ಕೇಳಿದ. “ನಾ ಅವತ್ತ ಖಾನಾಪುರದಾಗ ಗಾಡಿ ನಿಲ್ಲಸಲಿಲ್ಲ. ಚಲೋ ಆತಿಲ್ಲೋ?”

“ಚಲೋ ಆತು,” ಎಂದಳು ಸಿದ್ದಕ್ಕ, ಸೆರಗನ್ನು ಇನ್ನಷ್ಟು ಎಳೆದುಕೊಂಡು. ಆಮೇಲೆ ಕಲ್ಲಯ್ಯನವರ ಕಡೆ ನೋಡಿದಳು. ಬೀರಣ್ಣನೂ ನೋಡಿದ.

“ಹೌದು ಬೀರಣ್ಣಾ,” ಎಂದರು ಕಲ್ಲಯ್ಯ. “ಚಲೋ ಮಾಡಿದಿ.”